ಹೊಸ್ತಿಲಿಲ್ಲದ ಮನೆ: ಬಿಟ್ಟ ಸಾಲು

"ಅಳ್ತಾ ಇದೀಯೇನೋ ಗಸ್?"

"ಅಳ್ತಾ ಇಲ್ಲ. ಅಳೀತಾ ಇದೀನಿ."

"ಅದೇ ಕೇಳಿದ್ದು. ಯಾಕೆ ಅಳ್ತಾ ಇದೀಯ?"

ವೆಂಡಲ್ ಗೊನ್ಯೋನ ಬಲಗಿವಿ ಫಿರಂಗಿ ದಳದಲ್ಲೇ ನಿವೃತ್ತಿ ಪಡೆದಿದೆ. ಎಡಗಿವಿ ಇನ್ನೂ ಸೇವೆಯಲ್ಲಿದೆ, ಆದರೆ ಇಷ್ಟ ಬಂದಾಗ ಮಾತ್ರ ಹಾಜರಿ ಹಾಕುತ್ತದೆ.

ನಾನು ಗಾಜಿನ ಜಗಲಿಯ ಬಾಗಿಲಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಟೇಪು ಹಿಡಿದಿದ್ದೆ. ಅರವತ್ತೊಂದು ವರ್ಷದ ಮಂಡಿಗಳಿಗೆ ಮಲಗುವುದು ಕಷ್ಟವಲ್ಲ, ಏಳುವುದು. ಹಾಗಾಗಿ ಒಮ್ಮೆ ಮಲಗಿದರೆ ನೆಲಮಟ್ಟದ ಕೆಲಸವನ್ನೆಲ್ಲ ಮುಗಿಸಿಕೊಂಡೇ ಏಳುವುದು ನನ್ನ ರೂಢಿ. ಹೆಸರು ಗಸ್ ಟ್ರಾಂಬ್ಲಿ. ಸೈನ್ಯದ ತನಿಖಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಗಸ್ತು ಹೊಡೆದು, ಈಗ ಊರಿನ ಹಳೇ ಕಟ್ಟಡಗಳ ನಕ್ಷೆ ಬರೆಯುತ್ತೇನೆ. ಗಸ್ತು ಹೋಯಿತು, ಸುಸ್ತು ಉಳಿಯಿತು.

ಬಾಗಿಲು ನಲವತ್ತೆರಡು ಇಂಚು ಅಗಲ. ಮಂಚವನ್ನು ಮನುಷ್ಯನ ಸಮೇತ ತಳ್ಳಬಹುದು. ಕೆಳಗೆ ಹೊಸ್ತಿಲಿಲ್ಲ. ಇಡೀ ಮನೆಯಲ್ಲಿ ಎಲ್ಲಿಯೂ ಇಲ್ಲ. ಮಂಚದ ಗಾಲಿ ಒಂದು ಸಲ ಕುಲುಕಿದರೂ ರೋಗಿಯ ಎದೆಯಿಂದ ರಕ್ತ ಬರುತ್ತಿದ್ದ ಕಾಲದಲ್ಲಿ ಕಟ್ಟಿದ ಮನೆ ಇದು. ಗೋಡೆ ನೆಲಕ್ಕೆ ಸೇರುವಲ್ಲೂ ಮೂಲೆಯಿಲ್ಲ, ಬಟ್ಟಲಿನ ಒಳಮೈ ಹಾಗೆ ಗುಂಡಗೆ ಬಾಗಿದೆ. ಧೂಳು ಕೂರಬಾರದು, ರೋಗ ಅಡಗಬಾರದು ಅಂತ. ಧೂಳು ಕೂರಲಿಲ್ಲ, ಸರಿ. ಬೇರೇನೋ ಅಡಗಿದೆ ಅಂತ ನನಗೆ ನಾಲ್ಕು ದಿನದಿಂದ ಅನುಮಾನ.

ಜಗಲಿಯಲ್ಲಿ ಮಲಗಿದವರು ಹೆಸರು ಬರೆಯುವ, ಕಳೆದುಹೋಗಿದ್ದ ರಾತ್ರಿ ಪುಸ್ತಕ ಇವತ್ತು ಬೆಳಿಗ್ಗೆ ಅಡುಗೆಮನೆಯ ಹಿಟ್ಟಿನ ಡಬ್ಬದಲ್ಲಿ ನನ್ನ ಕೈಗೆ ಸಿಕ್ಕಿತ್ತು, ಮತ್ತು ಅದನ್ನು ನಾನಿನ್ನೂ ಯಾರಿಗೂ ಹೇಳಿರಲಿಲ್ಲ. ನಾಳೆ ಹತ್ತು ಗಂಟೆಗೆ ಕೋರ್ಟು.

ಮನೆಯ ಹಣೆಬರಹ ಒಂದೇ ವಾಕ್ಯದಲ್ಲಿದೆ. ಕೊರ್ನೀಲಿಯಾ ಆಸ್ಟ್ರಾಂಡರ್ ಎಂಬಾಕೆ, ಮೊದಲ ಮಹಾಯುದ್ಧದಲ್ಲಿ ವಿಷಗಾಳಿ ಕುಡಿದು ಕ್ಷಯ ಹತ್ತಿಸಿಕೊಂಡು ಬಂದ ಮಗ ಹ್ಯೂಗಾಗಿ ಇದನ್ನು ಕಟ್ಟಿಸಿದಳು. ಮಗ ಹೋದ ಮೇಲೆ ಅವನಂಥವರಿಗೆ ಬರೆದುಕೊಟ್ಟಳು. "ಈ ಜಗಲಿಯಲ್ಲಿ ಪ್ರತಿ ರಾತ್ರಿ ಒಬ್ಬ ಸೈನಿಕನಾದರೂ ಮಲಗುವವರೆಗೆ ಮನೆ ಸೈನಿಕರದು, ಒಂದು ರಾತ್ರಿ ತಪ್ಪಿದರೂ ನನ್ನ ವಂಶದವರದು." ಕ್ಷಯದ ಮನೆಗೆ ಅಕ್ಷಯವಾದ ಷರತ್ತು.

ನೂರು ವರ್ಷ ತಪ್ಪಿರಲಿಲ್ಲ. ಈಗ ಆ ಮುದುಕಿಯ ಮರಿಮೊಮ್ಮಗ ಲೈಲ್ ಆಸ್ಟ್ರಾಂಡರ್ ನೋಟಿಸು ಕೊಟ್ಟಿದ್ದಾನೆ: ಫೆಬ್ರವರಿ ಒಂಬತ್ತರ ರಾತ್ರಿ ಜಗಲಿಯಲ್ಲಿ ಯಾರೂ ಮಲಗಿರಲಿಲ್ಲ, ಮಲಗಿದ್ದರೆ ರಾತ್ರಿ ಪುಸ್ತಕ ತಂದು ತೋರಿಸಲಿ.

"ಒಂಬತ್ತು ಕೋರಲ್‌ದು ಅಂತ ಎಷ್ಟು ಸಲ ಹೇಳ್ಲಿ ನಿಂಗೆ?" ವೆಂಡಲ್ ಮಂಚದ ಅಂಚಿನಲ್ಲಿ ಕೂತು ಕಾಲ್ಚೀಲ ಏರಿಸಿಕೊಂಡ. "ಅವಳೇ ಮಲಗಿದ್ಲು, ಅವಳೇ ಬರೆದ್ಲು, ನಾನೇ ನೋಡಿದೀನಿ. ಪುಸ್ತಕ ಸಿಕ್ಕಿದ್ರೆ ಮುಗೀತು ಕಥೆ."

"ಒಂಬತ್ತಕ್ಕೆ ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಒಂಬತ್ತಕ್ಕೆ ಯಾರೂ ಇಲ್ಲ."

"ಖಂಡಿತಾ?"

"ಒಂಬತ್ತಕ್ಕೆ ಯಾರೂ ಇಲ್ಲ ಅಂದೆ. ಕಿವಿ ಹೋಗಿರೋದು ನಂದೋ, ನಿಂದೋ?"

ಕೇಳಿದ್ದಕ್ಕೆ ಮಾತ್ರ ಉತ್ತರ. ಸೈನ್ಯ ಕಲಿಸುವ ಮೊದಲ ಪಾಠ, ಮರೆಸಲಾಗದ ಕೊನೆಯ ಪಾಠವೂ ಅದೇ.

ಈ ಮನೆಯಲ್ಲಿರುವವರು ಆರು ಜನ. ಐವರಿಗೆ ಬೇರೆಲ್ಲಾದರೂ ಒಂದು ಕೋಣೆ ಸಿಕ್ಕೀತು. ವೆಂಡಲ್‌ಗೆ ಕೋಣೆಯೇ ಆಗದು. ನಾಲ್ಕು ಗೋಡೆ, ಮುಚ್ಚಿದ ಬಾಗಿಲು ಅಂದರೆ ಇಡೀ ರಾತ್ರಿ ಕುರ್ಚಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂರುತ್ತಾನೆ. ಕಾಡಿನ ಯುದ್ಧದಿಂದ ಬಂದ ಮೇಲೆ ನಲವತ್ತು ವರ್ಷ ಹಾಗೆ ಕೂತವನು. ಹನ್ನೊಂದು ವರ್ಷದ ಹಿಂದೆ ಈ ಜಗಲಿಗೆ ಬಂದು, ಮೂರು ಕಡೆ ಗಾಜು ಸರಿಸಿ, ಹಿಮಗಾಳಿಗೆ ಮುಖ ಕೊಟ್ಟು ಮಲಗಿದ. ಹದಿನಾಲ್ಕು ಗಂಟೆ ಎಚ್ಚರವಾಗಲಿಲ್ಲವಂತೆ. ಅಂದಿನಿಂದ ವಾರದಲ್ಲಿ ಐದು ರಾತ್ರಿ ಜಗಲಿಯ ಪಾಳಿ ಅವನದೇ. ಉಳಿದೆರಡು ರಾತ್ರಿ ಕೋರಲ್‌ಳಂಥ ಮನೆಯ ಬೇರೆಯವರು ಮಲಗುತ್ತಾರೆ, ಅವನು ಅಡುಗೆಮನೆಯಲ್ಲಿ ಒಲೆ ಕಾಯುತ್ತಾನೆ. ಮನೆ ಹೋದರೆ ವೆಂಡಲ್‌ಗೆ ನಿದ್ದೆ ಹೋಯಿತು. ಎಪ್ಪತ್ತಾರನೇ ವಯಸ್ಸಿನಲ್ಲಿ ಇನ್ನೊಂದು ಜಗಲಿ ಎಲ್ಲಿ ಹುಡುಕುತ್ತಾನೆ? ನನಗೆ ಫೋನ್ ಮಾಡಿ ಕರೆಸಿದವನೂ ಅವನೇ.

ನಾನು ಮಂಡಿಗಳ ಮನವೊಲಿಸಿ ಎದ್ದೆ. ಏಳುವಾಗ ಆಸರೆಗೆ ಅಂತ ಜಗಲಿಯ ಪೂರ್ವದ ಗೋಡೆಗೆ ಕೈಯಿಟ್ಟೆ.

ಬೆರಳಿಗೆ ಗೆರೆ ಸಿಕ್ಕಿತು.

ಮೂಲೆಯೇ ಇಲ್ಲದ ಮನೆಯಲ್ಲಿ ನೆಟ್ಟಗೆ ನಿಂತ ಗೆರೆ. ಕನ್ನಡಕ ಏರಿಸಿ ನೋಡಿದೆ. ಹತ್ತಾರು ಸಲ ಬಳಿದ ಬಿಳಿ ಬಣ್ಣವನ್ನು ತೆಳುವಾದ ಅಲಗಿನಿಂದ ಮೇಲಿನಿಂದ ಕೆಳಗೆ ಸೀಳಿದ್ದಾರೆ. ಸೀಳಿನ ಅಂಚು ಇನ್ನೂ ಹೊಸದು, ಹಾಲಿನಷ್ಟು ಬಿಳಿ. ನಲವತ್ತೆರಡು ಇಂಚು ಆಚೆಗೆ ಇನ್ನೊಂದು ಗೆರೆ. ಅಲ್ಲಿ, ಬಣ್ಣದೊಳಗೆ ಹೂತ ಕೀಲುಗಳಿಗೆ ಯಾರೋ ಎಣ್ಣೆ ಸವರಿದ್ದರು.

"ಇದು ಬಾಗಿಲು, ವೆಂಡಲ್."

"ಅದು ಗೋಡೆ."

"ಗೋಡೆಗೆ ಯಾರಪ್ಪಾ ಎಣ್ಣೆ ಹಾಕ್ತಾರೆ?"

ಅವನು ಬಂದು ಬಗ್ಗಿ ನೋಡಿದ. ಹುಬ್ಬು ಗಂಟಾಯಿತು. "ನಮ್ಮ ಜೊತೆ ಇಲ್ಲಿದ್ದ ಬರ್ಟ್ ಹೇಳ್ತಿದ್ದ, ಹಳೇ ಕಾಲದಲ್ಲಿ ಇಲ್ಲೊಂದು ಬಾಗಿಲಿತ್ತು ಅಂತ. ಸದ್ದಿಲ್ಲದ ಬಾಗಿಲು ಅಂತಿದ್ರಂತೆ. ಅವನನ್ನ ಕೇಳೋಣ ಅಂದ್ರೆ ಹೋದ ವರ್ಷ ಅವನೂ ಸಾಲು ಬಿಟ್ಟ."

"ಯಾವ ಸಾಲು? ಊಟದ ಸಾಲಾ?"

ವೆಂಡಲ್ ನನ್ನನ್ನು ಪಾಪದ ಪ್ರಾಣಿ ನೋಡುವಂತೆ ನೋಡಿದ. "ಹೂಂ. ಊಟದ ಸಾಲು."

"ಈ ಬಾಗಿಲ ಆಚೆ ಏನಿದೆ?"

"ಹಿಮದ ಕೊಟ್ಟಿಗೆ. ಕೆರೆಯಿಂದ ಮಂಜುಗಡ್ಡೆ ಕುಯ್ದು ತಂದು ಮರದ ಹೊಟ್ಟಿನಲ್ಲಿ ಹೂತಿಡ್ತಿದ್ರು. ಫ್ರಿಜ್ ಬಂದ ಮೇಲೆ ಖಾಲಿ. ಈ ಚಳಿಗಾಲ ಮನೆ ನಡೆಸೋ ಮೇಜರ್ ಬೀಗ ಹಾಕಿದಾರೆ, ಕರಡಿ ನುಗ್ಗುತ್ತೆ ಅಂತ."

"ಚಳಿಗಾಲದಲ್ಲಿ ಕರಡಿ ಮಲಗಿರುತ್ತಲ್ಲೋ."

"ಅದನ್ನ ಮೇಜರ್‌ಗೆ ನೀನೇ ಹೇಳು. ನಂಗೆ ರಾತ್ರಿ ಊಟ ಬೇಕು."

*

ಮುಂದಿನ ಕೋಣೆಯ ಗೋಡೆಗೆ ರಾತ್ರಿ ಪುಸ್ತಕಗಳು ಸಾಲಾಗಿ ನಿಂತಿವೆ, ವರ್ಷಕ್ಕೊಂದು. ಈ ವರ್ಷದ್ದನ್ನು ಕೋಟಿನೊಳಗೆ ಇಟ್ಟುಕೊಂಡೇ ನಾನು ಮೊದಲನೆಯದನ್ನು ತೆಗೆದೆ. ಕೋಟಿನಿಂದ ಮೊಣಕಾಲಿಗೆ ಹಿಟ್ಟು ಉದುರಿತು.

ಮೊದಲ ಪುಟದಲ್ಲಿ, ಮನೆಯ ಮೊದಲ ದಾದಿ ಮಿಸ್ ಟೀಲ್ ತನ್ನ ನೆಟ್ಟನೆಯ ಅಕ್ಷರದಲ್ಲಿ ಕಟ್ಟಳೆ ಬರೆದಿಟ್ಟಿದ್ದಳು: "ಬೆಳಿಗ್ಗೆ ಎದ್ದವನು ತನ್ನ ಕೈಯಾರೆ ಬರೆಯತಕ್ಕದ್ದು. ಒಬ್ಬನ ಸಾಲನ್ನು ಇನ್ನೊಬ್ಬನು ಬರೆಯಕೂಡದು."

ಕೆಳಗೆ ಒಂದೊಂದು ತಾರೀಕಿಗೆ ಒಂದೊಂದು ಸಾಲು. ತಾರೀಕು ಮುಂಚೆಯೇ ಬರೆದಿರುತ್ತದೆ, ಮುಂದಿನದನ್ನು ಎದ್ದವನು ತುಂಬುತ್ತಾನೆ: ಹೆಸರು, ಚಳಿ ಎಷ್ಟಿತ್ತು, ಒಂದು ಮಾತು. "ಬಾರ್ಲೋ. ಸೊನ್ನೆಗಿಂತ ಹತ್ತು ಕೆಳಗೆ. ಮೊಟ್ಟೆ ಬೇಕು." "ಕಿಂಬಲ್. ಹದಿನಾಲ್ಕು ಕೆಳಗೆ. ನರಿ ಕೂಗಿತು." "ಹ್ಯೂ ಆಸ್ಟ್ರಾಂಡರ್. ಇಪ್ಪತ್ತು ಕೆಳಗೆ. ಅಮ್ಮನಿಗೆ ಹೇಳಬೇಡಿ."

ಮೊದಲ ಮೂರು ಪುಸ್ತಕಗಳಲ್ಲಿ ಹನ್ನೊಂದು ಸಾಲು ಖಾಲಿ ಇದ್ದವು. ತಾರೀಕು ಇದೆ, ಮುಂದೆ ಬರೀ ಕಾಗದ.

ಇಲ್ಲಿ ನಾನು ಕುರ್ಚಿಗೆ ಒರಗಿದೆ. ಖಾಲಿ ಸಾಲು ಅಂದರೆ ತಪ್ಪಿದ ರಾತ್ರಿ ಎಂದಾದರೆ, ಮನೆ ನೂರು ವರ್ಷದ ಹಿಂದೆಯೇ ಆಸ್ಟ್ರಾಂಡರ್ ವಂಶಕ್ಕೆ ಹೋಗಬೇಕಿತ್ತು. ಆದರೆ ಪ್ರತಿ ತಿಂಗಳ ಕೊನೆಗೆ ಕೊರ್ನೀಲಿಯಾ ತಾನೇ ಸಹಿ ಹಾಕಿದ್ದಾಳೆ. ಷರತ್ತು ಬರೆದವಳೇ ಒಪ್ಪಿದ ಖಾಲಿತನ ಅದು.

ಈ ವರ್ಷದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟೆ. ಫೆಬ್ರವರಿ ಒಂಬತ್ತು: "ಕೋರಲ್. ಹದಿನೆಂಟು ಕೆಳಗೆ. ಕಾಲು ನನ್ನದಲ್ಲ." ವೆಂಡಲ್ ಹೇಳಿದ್ದು ನಿಜ, ಒಂಬತ್ತು ತುಂಬಿತ್ತು. ಖಾಲಿ ಇದ್ದದ್ದು ಫೆಬ್ರವರಿ ಹತ್ತು.

ಲೈಲ್ ಒಂದು ದಿನ ತಪ್ಪಿ ನೋಟಿಸು ಕೊಟ್ಟನೇ? ಒಂದು ತಾರೀಕಿನ ತಪ್ಪು ಅಂತ ನಾಳೆ ನ್ಯಾಯಾಧೀಶರ ಮುಂದೆ ನಿಂತು ವಾದಿಸಬಹುದಿತ್ತು. ಆ ನ್ಯಾಯಾಧೀಶರ ಗೊಗ್ಗರು ದನಿಯಲ್ಲಿ ನನಗೆ ನಾನೇ ಹೇಳಿಕೊಂಡೆ: "ಟ್ರಾಂಬ್ಲಿಯವರೇ, ಒಂಬತ್ತು ತುಂಬಿದೆ, ಸರಿ. ಹತ್ತು ಯಾಕೆ ಖಾಲಿ?" ಹನ್ನೊಂದು ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹಿತ್ತಲಿನ ಗುಡ್ಡ ಹತ್ತಿದೆ.

ಮಾರ್ಚಿನ ಹಿಮ ನಂಬಿಕೆಗೆ ಅರ್ಹವಲ್ಲ. ಮೇಲೆ ಗಟ್ಟಿ, ಒಳಗೆ ಗಂಜಿ. ಮೂರು ಹೆಜ್ಜೆಗೊಮ್ಮೆ ಮಂಡಿವರೆಗೆ ಹೂತು, ನಾಲ್ಕನೇ ಹೆಜ್ಜೆಗೆ ಬೈದು, ಸೈನಿಕರ ಗೋರಿಗಳ ಸಾಲು ತಲುಪುವಷ್ಟರಲ್ಲಿ ನನಗೂ ಒಂದು ಕಲ್ಲು ನೆಟ್ಟುಬಿಡಿ ಅನ್ನಿಸಿತ್ತು. ಕೈಗವಸಿನಿಂದ ಹಿಮ ಒರೆಸಿದೆ. ಹ್ಯೂ ಆಸ್ಟ್ರಾಂಡರ್, ಮಾರ್ಚ್ ಮೂರು. ಚೀಟಿ ನೋಡಿದೆ. ಮೊದಲ ಖಾಲಿ ಸಾಲು, ಮಾರ್ಚ್ ಮೂರು. ಪಕ್ಕದ ಕಲ್ಲು ಬಾರ್ಲೋದು, ಎರಡನೆಯ ಖಾಲಿ ಸಾಲಿನ ತಾರೀಕು. ಅದರ ಪಕ್ಕ ಕಿಂಬಲ್.

ಹನ್ನೊಂದು ಕಲ್ಲು. ಹನ್ನೊಂದು ಸಾಲು. ಒಂದೂ ತಪ್ಪಲಿಲ್ಲ.

ಎದ್ದವನು ತನ್ನ ಕೈಯಾರೆ ಬರೆಯಬೇಕು, ಬೇರೆಯವರು ಬರೆಯಕೂಡದು. ಹಾಗಾದರೆ ಏಳದವನ ಸಾಲು ಖಾಲಿಯೇ ಉಳಿಯುತ್ತದೆ. ಅದನ್ನೇ ಈ ಮನೆಯವರು ಸಾಲು ಬಿಟ್ಟ ಅನ್ನುವುದು. ನಾನು ಊಟದ ಸಾಲು ಅಂದುಕೊಂಡಿದ್ದೆ. ವೆಂಡಲ್ ಯಾಕೆ ಹಾಗೆ ನೋಡಿದ ಅಂತ ಆಗ ತಿಳಿಯಿತು.

ಇನ್ನೂ ಒಂದು ತಿಳಿಯಿತು, ಇಳಿಯುವಾಗ. ಸಾಲು ಬರೆಯುವುದು ಎದ್ದ ಮೇಲೆ. ಅಂದರೆ ಈ ಮನೆಯಲ್ಲಿ ರಾತ್ರಿಗೆ ಮಲಗಿದ ದಿನದ ತಾರೀಕಿಲ್ಲ, ಎದ್ದ ದಿನದ ತಾರೀಕು. ಕೋರಲ್‌ಳ ಒಂಬತ್ತು ಎಂದರೆ ಲೋಕದವರ ಎಂಟರ ರಾತ್ರಿ. ಲೋಕದವರ ಒಂಬತ್ತರ ರಾತ್ರಿ ಎಂದರೆ ಈ ಮನೆಯ ಹತ್ತು. ಮನೆಗೂ ಲೋಕಕ್ಕೂ ಒಂದು ದಿನದ ವ್ಯತ್ಯಾಸ. ನಾಲ್ಕು ದಿನದಿಂದ ನಾನು ವೆಂಡಲ್‌ನನ್ನು ಒಂಬತ್ತರ ಬಗ್ಗೆ ಕೇಳುತ್ತಿದ್ದೆ, ಅವನು ಪ್ರಾಮಾಣಿಕವಾಗಿ ಬೇರೆ ರಾತ್ರಿಯ ಬಗ್ಗೆ ಉತ್ತರ ಹೇಳುತ್ತಿದ್ದ.

ಲೈಲ್ ಒಂದು ದಿನವೂ ತಪ್ಪಿರಲಿಲ್ಲ. ಅಲ್ಲೇ ಇದ್ದದ್ದು ವಿಚಿತ್ರ. ಪುಸ್ತಕ ನೋಡಿದವರು ಯಾರೇ ಸುಳಿವು ಕೊಟ್ಟಿದ್ದರೂ ಅವನು "ಹತ್ತು" ಅಂತ ಬರೆಯುತ್ತಿದ್ದ. ಒಂಬತ್ತು ಅಂತ ಬರೆದನೆಂದರೆ ಅವನಿಗೆ ಗೊತ್ತಿದ್ದದ್ದು ಪುಸ್ತಕವಲ್ಲ, ಆ ರಾತ್ರಿ.

ಮತ್ತು ಆ ರಾತ್ರಿ ಜಗಲಿಯಲ್ಲಿ ಯಾರೋ ಮಲಗಿದ್ದರು. ಬೆಳಿಗ್ಗೆ ಏಳಲಿಲ್ಲ. ಆದರೆ ಮನೆಯ ಆರು ಜನವೂ ಇವತ್ತು ಬೆಳಿಗ್ಗೆ ನನ್ನ ಜೊತೆ ಕೂತು ಜೋಳದ ರೊಟ್ಟಿಗೆ ಮೇಪಲ್ ಪಾಕ ಸುರಿದುಕೊಂಡು ತಿಂದಿದ್ದರು.

*

ಮೇಜರ್ ಹೆಸ್ಟರ್ ಲಬೌಂಟಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಮೂರು ಯುದ್ಧಗಳಲ್ಲಿ ಸೈನ್ಯದ ದಾದಿ. ಎಪ್ಪತ್ತು ದಾಟಿದ್ದಾರೆ. ಹದಿನೇಳು ವರ್ಷದಿಂದ ಈ ಮನೆ ನಡೆಸುತ್ತಿದ್ದಾರೆ. ಸಿಪ್ಪೆ ಒಂದೇ ಎಳೆಯಾಗಿ, ಕಡಿಯದೆ ಬರುತ್ತಿತ್ತು.

ಎದುರು ಕೂತು ಪುಸ್ತಕ ಮೇಜಿನ ಮೇಲಿಟ್ಟೆ. ಹಿಟ್ಟಿನ ಮೋಡ ಎದ್ದಿತು.

ಸಿಪ್ಪೆ ಕಡಿಯಲಿಲ್ಲ. "ಸಿಕ್ತಾ," ಅಂದರು.

"ಸಿಕ್ತು. ಹಿಟ್ಟಲ್ಲಿಟ್ಟವರು ಯಾರು ಅಂತ ಕೇಳೋದಿಲ್ಲ. ನಿಮ್ಮನ್ನ ಬಿಟ್ಟರೆ ಈ ಮನೇಲಿ ಹಿಟ್ಟು ಮುಟ್ಟೋರು ಇಲ್ಲ."

"ಹತ್ತನೇ ಸಾಲು ನೋಡಿದ್ರಿ."

"ನೋಡಿದೆ. ಗುಡ್ಡಕ್ಕೂ ಹೋಗಿ ಬಂದೆ."

ಈಗ ಚಾಕು ನಿಂತಿತು. ಒಂದು ಕ್ಷಣ ಅಷ್ಟೇ. "ನಿಮ್ಮ ಮಂಡಿಗೆ ಆ ಗುಡ್ಡ ಒಳ್ಳೇದಲ್ಲ, ಟ್ರಾಂಬ್ಲಿ."

"ನನ್ನ ಮಂಡಿ ನಾಳೆ ಕೋರ್ಟಲ್ಲಿ ಸಾಕ್ಷಿ ಹೇಳೋದಿಲ್ಲ ಮೇಜರ್. ನಾನು ಹೇಳ್ಬೇಕು. ಆ ರಾತ್ರಿ ಒಬ್ಬ ಮಲಗಿದ್ದ. ಬೆಳಿಗ್ಗೆ ಏಳಲಿಲ್ಲ. ನೀವು ಸದ್ದಿಲ್ಲದ ಬಾಗಿಲ ಬಣ್ಣ ಸೀಳಿ, ಕೀಲಿಗೆ ಎಣ್ಣೆ ಹಾಕಿ, ಮಂಚ ತಳ್ಳಿಕೊಂಡು ಹೋದ್ರಿ. ಒಬ್ಬರೇ. ಹೊಸ್ತಿಲಿಲ್ಲದ ಮನೆ, ಒಬ್ಬರ ಕೈಯಲ್ಲೇ ಆಗೋ ಹಾಗೆ ಕಟ್ಟಿದಾರೆ. ಹಿಮದ ಕೊಟ್ಟಿಗೆಗೆ ಬೀಗ ಹಾಕಿದ್ದು ಕರಡಿ ಒಳಗೆ ಬರಬಾರದು ಅಂತಲ್ಲ."

ಅವರು ಇನ್ನೊಂದು ಆಲೂಗಡ್ಡೆ ತೆಗೆದುಕೊಂಡರು. ಹೊರಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

"ಸಂಜೆ ಆರೂವರೆಗೆ ಬಂದ," ಅಂದರು ಕೊನೆಗೆ. "ನಡೆದುಕೊಂಡು. ಆ ಹಿಮದಲ್ಲಿ. ಹೆಸರು ಕೇಳಿದೆ, ಬೆಳಿಗ್ಗೆ ಪುಸ್ತಕದಲ್ಲಿ ಬರೀತೀನಲ್ಲ, ಆಗ ನೋಡಿಕೊಳ್ಳಿ ಅಂದ. ಪುಸ್ತಕದ ವಿಷಯ ಅವನಿಗೆ ಹೇಗೆ ಗೊತ್ತು ಅಂತ ನಂಗೆ ಹೊಳೀಲೇ ಇಲ್ಲ. ಪಾಳಿ ವೆಂಡಲ್‌ದು. ಅವನು ಆ ಹುಡುಗನ ಕಣ್ಣು ನೋಡಿ ಏನೂ ಕೇಳದೆ ಹಾಸಿಗೆ ಬಿಟ್ಟುಕೊಟ್ಟ."

"ಹುಡುಗನಾ?"

"ನಲವತ್ತರ ಮೇಲಿರಬೇಕು. ನಂಗೆ ಎಲ್ಲರೂ ಹುಡುಗರೇ."

"ಆಮೇಲೆ?"

"ಬೆಳಿಗ್ಗೆ ಆರಕ್ಕೆ ಹೋದೆ. ಸಾಲು ಬಿಟ್ಟಿದ್ದ."

ಸುದ್ದಿ ತಿಳಿಸಬೇಕಿತ್ತಲ್ಲ, ಪೊಲೀಸರು, ಡಾಕ್ಟರು ಯಾರೂ ಇಲ್ಲವೇ ಅಂತ ಕೇಳಿದೆ. ಅವರು ಚಾಕುವಿನ ತುದಿಯಿಂದ ಗೋಡೆ ತೋರಿಸಿದರು. ಅಲ್ಲಿ ಮೊಳೆಗೆ ಒಂದು ಕಾಗದ ಚುಚ್ಚಿತ್ತು. ಬರ್ಟ್ ಹೋದ ಮೇಲೆ, ಜನವರಿಯಲ್ಲಿ ತಪಾಸಣೆಗೆ ಬಂದವನು ಬರೆದುಕೊಟ್ಟು ಹೋದದ್ದು. ನಾನೂ ಓದಿದ್ದೆ. ಆತ ಮೂಗಿನಲ್ಲಿ ಮಾತಾಡುವವನಂತೆ. ನನ್ನ ಮೂಗಿಗೂ ಅಷ್ಟು ಅಣಕ ಬರುತ್ತದೆ: "ಶೀತದಲ್ಲಿ ಇನ್ನೊಂದು ಸಾವು ಸಂಭವಿಸಿದಲ್ಲಿ ಜಗಲಿಯನ್ನು ಕೂಡಲೇ ಮುಚ್ಚತಕ್ಕದ್ದು."

ಮೇಜರ್ ನಗಲಿಲ್ಲ. ನಾನೂ ನಗಿಸಬೇಕೆಂದು ಹೇಳಿದ್ದಲ್ಲ, ಬಾಯಿಗೆ ಅಭ್ಯಾಸ.

"ಹೇಳಿದ್ರೆ ಜಗಲಿ ಮುಚ್ಚುತ್ತಾರೆ," ಅಂದರು. "ಜಗಲಿ ಮುಚ್ಚಿದ್ರೆ ರಾತ್ರಿ ತಪ್ಪುತ್ತೆ, ರಾತ್ರಿ ತಪ್ಪಿದ್ರೆ ಮನೆ ಹೋಗುತ್ತೆ. ಹೇಳದೇ ಇದ್ರೆ ಸಾಲು ಖಾಲಿ. ಆದ್ರೂ ಮನೆ ಹೋಗುತ್ತೆ. ಯಾರೂ ಓದದೇ ಇರಲಿ ಅಂತ ಹಿಟ್ಟಲ್ಲಿಟ್ಟೆ. ಸುಸ್ತಾಗಿದೆ ಟ್ರಾಂಬ್ಲಿ. ನೆಲ ಕರಗಿದ ಮೇಲೆ ಗುಡ್ಡದ ಮೇಲೆ ಮಣ್ಣು ಮಾಡೋಣ ಅಂದುಕೊಂಡಿದ್ದೆ, ಹನ್ನೊಂದು ಜನರ ಪಕ್ಕ."

"ಹೆಸರಿಲ್ಲದೆ?"

"ಹೆಸರಿಲ್ಲದೆ."

"ಕೊಟ್ಟಿಗೆಯ ಚಳಿ ಇನ್ನೆಷ್ಟು ದಿನ ಇರುತ್ತೆ ಮೇಜರ್? ಸೂರು ಸೋರ್ತಿದೆ. ಕೇಳಿ."

ಇಬ್ಬರೂ ಕೇಳಿದೆವು.

"ಇನ್ನೊಂದು ವಿಷಯ," ಅಂದೆ. "ಲೈಲ್ ಆಸ್ಟ್ರಾಂಡರ್‌ಗೆ ಒಂಬತ್ತರ ರಾತ್ರಿ ಹೇಗೆ ಗೊತ್ತು? ಪುಸ್ತಕ ನೋಡಿ ಅಲ್ಲ. ಆ ರಾತ್ರಿ ಇಲ್ಲಿಗೆ ಒಬ್ಬ ಬರ್ತಾನೆ ಅಂತ ಅವನಿಗೆ ಮೊದಲೇ ಗೊತ್ತಿತ್ತು."

ಮೇಜರ್ ತಲೆ ಎತ್ತಿದರು. ಅಷ್ಟರಲ್ಲಿ ಹೊರಗೆ ಒಂದು ಭಾರಿ ಗಾಡಿ ನಿಂತ ಸದ್ದಾಯಿತು.

*

ನಾಲ್ಕು ದಿನ ಫೋನಿನಲ್ಲಿ ಲೈಲ್‌ನ ದನಿ ಕೇಳಿ, ಅದನ್ನು ಊಟದ ಮೇಜಿನಲ್ಲಿ ಅಣಕಿಸಿ ಎಲ್ಲರನ್ನೂ ನಗಿಸಿ, ಅವನಿಗೊಂದು ಮುಖ ನಾನೇ ಕಟ್ಟಿಕೊಂಡಿದ್ದೆ: ಕೋಟು, ಟೈ, ತುಟಿಯಂಚಿನಲ್ಲಿ ನಗು. ಬಾಗಿಲಲ್ಲಿ ನಿಂತವನು ರಸ್ತೆಯ ಹಿಮ ತಳ್ಳುವ ಗಾಡಿಯ ಚಾಲಕ. ಕಿತ್ತಳೆ ಅಂಗಿ, ಉಪ್ಪು ಹತ್ತಿದ ಬೂಟು, ಮೂರು ದಿನದ ಗಡ್ಡ. ನನ್ನ ಅಣಕ ನನಗೇ ನಾಚಿಕೆಯಾಯಿತು.

"ಹೊಸ್ತಿಲಿಲ್ಲ ಅಂತ ಒಳಗೇ ಬಂದುಬಿಟ್ಟೆ, ತಪ್ಪು ತಿಳೀಬೇಡಿ," ಅಂದ. "ವಕೀಲರು ಬರಬೇಡ ಅಂದ್ರು. ನಾಳೆವರೆಗೆ ಕಾಯೋಕಾಗಲಿಲ್ಲ."

"ಕೂತ್ಕೊಳ್ಳಿ," ಅಂದರು ಮೇಜರ್.

ಅವನು ಕೂರಲಿಲ್ಲ. "ನಂಗೆ ಮನೆ ಬೇಡ ಮೇಜರ್. ಈ ಮನೆ ತಗೊಂಡು ನಾನೇನು ಮಾಡ್ಲಿ, ನಮ್ಮಪ್ಪನೂ ಬೇಡ ಅಂದ ಮನೆ. ನಂಗೆ ನನ್ನ ತಮ್ಮ ಬೇಕು. ಎಮೆಟ್. ಒಂಬತ್ತನೇ ತಾರೀಕು ಸಂಜೆ ಪೆಟ್ರೋಲ್ ಬಂಕಿಂದ ಫೋನ್ ಮಾಡಿದ್ದ. ಅಜ್ಜಿ ಜಗಲೀಲಿ ಮಲಗ್ತೀನಿ ಇವತ್ತು, ಅಲ್ಲಾದ್ರೂ ನಿದ್ದೆ ಬರುತ್ತೇನೋ ನೋಡ್ತೀನಿ ಅಂದ. ಅದೇ ಕೊನೆ."

"ಹನ್ನೆರಡನೇ ತಾರೀಕು ಫೋನ್ ಮಾಡಿದವರು ನೀವು," ಮೇಜರ್ ನಿಧಾನವಾಗಿ ಅಂದರು.

"ನಾನೇ. ಯಾರೂ ಬಂದಿಲ್ಲ ಅಂದ್ರಿ. ಪೊಲೀಸರನ್ನ ಕೇಳಿದ್ರೆ, ದೊಡ್ಡವನಲ್ವಾ, ಎಲ್ಲೋ ಹೋಗಿರ್ತಾನೆ ಬಿಡಿ ಅಂದ್ರು. ನಾನು ಕೇಳಿದ್ರೆ ಇಲ್ಲ ಅಂದವರು ಕೋರ್ಟು ಕೇಳಿದ್ರೆ ಪುಸ್ತಕ ತೆಗೀಲೇಬೇಕಲ್ಲ. ಅದಕ್ಕೇ ನೋಟಿಸು ಕೊಟ್ಟೆ. ಸಾಲಲ್ಲಿ ಅವನ ಹೆಸರಿದ್ರೆ ಸಾಕು, ಇಲ್ಲಿಗೆ ಬಂದಿದ್ದ ಅಂತಾಯ್ತು. ಮುಂದೆ ಎಲ್ಲಿಗೆ ಹೋದ ಅಂತ ನಾನೇ ಹುಡುಕ್ತೀನಿ." ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಎರಡು ಸಲ ಮರಳುಗಾಡಿನ ಯುದ್ಧಕ್ಕೆ ಹೋಗಿ ಬಂದವನು. ಬಂದ ಮೇಲೆ ಮನೇಲಿ ಮಲಗಿದ್ದನ್ನ ನಾನು ನೋಡಿಲ್ಲ."

ನನಗೆ ಎಷ್ಟೋ ದನಿಗಳು ಬರುತ್ತವೆ. ಇದನ್ನು ಹೇಳುವ ದನಿ ಬರಲಿಲ್ಲ. ಪುಸ್ತಕವನ್ನು ಅವನ ಕಡೆ ತಿರುಗಿಸಿ ಹತ್ತನೇ ಸಾಲಿನ ಮೇಲೆ ಬೆರಳಿಟ್ಟೆ.

ಆಸ್ಟ್ರಾಂಡರ್ ಮನೆತನದವನು. ಮಿಸ್ ಟೀಲ್‌ಳ ಕಟ್ಟಳೆ ಅವರ ಮನೆಯ ಮಾತು. ಹೇಳಿಕೊಡಬೇಕಾಗಿರಲಿಲ್ಲ. ಖಾಲಿ ಕಾಗದವನ್ನು ತುಂಬಾ ಹೊತ್ತು ಓದಿದ. ಆಮೇಲೆ ಕೂತ.

"ಎಲ್ಲಿದ್ದಾನೆ?"

"ಇಲ್ಲೇ," ಅಂದರು ಮೇಜರ್. "ಕರೆದುಕೊಂಡು ಹೋಗ್ತೀನಿ. ನನ್ನ ತಪ್ಪು ಲೈಲ್, ಫೋನಲ್ಲಿ ಸುಳ್ಳು ಹೇಳಿದ್ದು. ಹೆಸರು ಗೊತ್ತಿರಲಿಲ್ಲ ಅನ್ನೋದು ನಿಜ. ಅವನೇ ಇರಬಹುದು ಅಂತ ಅನುಮಾನ ಬಂದಿತ್ತು ಅನ್ನೋದೂ ನಿಜ."

ಅವನು ತಲೆಯಾಡಿಸಿದ. ಬೈಯುತ್ತಾನೆ ಅಂದುಕೊಂಡೆ. ಬೈಯುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ನಿದ್ದೇಲೇ ಹೋದನಾ?"

"ನಿದ್ದೇಲೇ. ಆರಕ್ಕೆ ಹೋದಾಗ ಮೈ ತಣ್ಣಗಾಗಿತ್ತು. ನರಳಿದ ಗುರುತೇ ಇರಲಿಲ್ಲ."

"ಹಾಗಾದ್ರೆ ನಿದ್ದೆ ಬಂತು ಅವನಿಗೆ," ಅಂದ ಲೈಲ್. ಮುಖ ಒರೆಸಿಕೊಂಡ. "ಸೈನಿಕನೇ ಮಲಗಿದ್ದ ಅಂದ ಮೇಲೆ ರಾತ್ರಿ ತಪ್ಪಲಿಲ್ಲ. ಕೇಸು ವಾಪಸು ತಗೋತೀನಿ. ಆ ತಪಾಸಣೆಯವನಿಗೂ ಹೇಳ್ತೀನಿ, ಅಣ್ಣನಾಗಿ ನಂದೇನೂ ದೂರಿಲ್ಲ ಅಂತ. ಜಗಲಿ ಮುಚ್ಚಿಸೋದು ಬೇಡ. ಅವನು ಮಲಗಿದ ಜಾಗ ಅದು."

ಮೇಜರ್ ಕಣ್ಣು ಮುಚ್ಚಿಕೊಂಡರು. ನಾನು ಕೂಡ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಬೆನ್ನು ಸಡಿಲ ಬಿಟ್ಟೆ. ಮನೆ ಉಳಿಯಿತು. ವೆಂಡಲ್‌ನ ನಿದ್ದೆ ಉಳಿಯಿತು. ಅಂಥ ಪತ್ತೇದಾರಿಕೆಯೇನೂ ಬೇಕಾಗಲಿಲ್ಲ, ಒಬ್ಬ ದಣಿದ ಮನುಷ್ಯ ಬಾಗಿಲಿಂದ ಒಳಗೆ ಬಂದರೆ ಸಾಕಾಗಿತ್ತು.

"ಯಾರ ವಿಷಯ ಮಾತಾಡ್ತಿದೀರಿ?"

ವೆಂಡಲ್ ಜಗಲಿಯ ಕಡೆಯ ಬಾಗಿಲಲ್ಲಿ ನಿಂತಿದ್ದ. ಎಡಗಿವಿ ನಮ್ಮ ಕಡೆಗಿತ್ತು. ಎಷ್ಟು ಹೊತ್ತಿನಿಂದಲೋ.

"ಏನಿಲ್ಲ ವೆಂಡಲ್," ಅಂದರು ಮೇಜರ್. "ಹೋಗಿ ಬಿಸಿಲಲ್ಲಿ ಕೂತ್ಕೋ."

"ಹತ್ತರವನ ವಿಷಯ," ನಾನು ಅಂದೆ. ಮನೆಯ ತಾರೀಕಿನಲ್ಲೇ ಹೇಳಿದೆ, ಅರ್ಥವಾಗಲಿ ಅಂತ. "ನೀನು ಹಾಸಿಗೆ ಬಿಟ್ಟುಕೊಟ್ಟವನು. ಇವರ ತಮ್ಮ. ನಿದ್ದೇಲೇ ಹೋದ."

ವೆಂಡಲ್ ಲೈಲ್‌ನನ್ನು ನೋಡಿದ. ಮೇಜರ್‌ರನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖದಿಂದ ಏನೋ ಇಳಿದುಹೋಯಿತು.

"ಬೆಳಿಗ್ಗೆ ಹೊರಟುಹೋದ ಅಂದಿದ್ರಿ ನಂಗೆ, ಮೇಜರ್."

"ವೆಂಡಲ್," ಅಂದರು ಅವರು. ಹೆಸರು ಅಷ್ಟೇ. ಆ ಒಂದು ಹೆಸರಿನಲ್ಲಿ ಇನ್ನೇನು ಹೇಳಬೇಕೋ ಎಲ್ಲ ಇತ್ತು: ಜಗಲಿ, ಹಾಸಿಗೆ, ಇನ್ನು ಉಳಿದಿರುವ ಅವನ ರಾತ್ರಿಗಳು.

ಅವನಿಗೆ ಅರ್ಥವಾಗದೇ ಇರಲಿಲ್ಲ. ಆದರೂ ಲೈಲ್‌ನ ಕಡೆ ತಿರುಗಿ, ಕಿವುಡರು ಮಾತಾಡುವ ಹಾಗೆ ಸ್ವಲ್ಪ ಜೋರಾಗಿಯೇ ಮಾತಾಡಿದ.

"ನಿದ್ದೇಲಿ ಹೋಗಲಿಲ್ಲಪ್ಪ ಅವನು. ಐದೂವರೆಗೆ ಎದ್ದಿದ್ದ. ಚೆನ್ನಾಗಿ ನಿದ್ದೆ ಬಂತು ಅಂದ, ನಗ್ತಿದ್ದ. ಮೊದಲನೇ ಲೋಟ ಕಾಫಿ ನಾನು ತಂದುಕೊಟ್ಟು ಒಲೆ ಹತ್ರ ಹೋದೆ, ಮತ್ತೆ ಅವನನ್ನ ನೋಡಲಿಲ್ಲ." ಅವನು ಮೇಜರ್‌ರ ಕಡೆ ನೋಡಲಿಲ್ಲ. "ಎರಡನೇ ಲೋಟ ನೀವು ತಂದಿರಿ, ಮೇಜರ್."